ತೋರ್ಸಾಕ ಹೂಡಿದ ಒಲಿ

…ಅಲ್ಲವಾ ಸಿಂಧು, ಬಜೆಟ್ ಅಂತ ಅಂದಿ ನೋಡು ಈಗ, ಅದಕ್ಕ ನಗು ಬಂತು ನನಗ. "ಅಜ್ಜಾ, ತಿಂಗಳಿಗೊಂದು ಬಜೆಟ್ ಹಾಕ್ಕೊಂಡಿದ್ರ ನಿಮ್ಮ ಮನ್ಯಾಗ ಅಷ್ಟೆಲ್ಲಾ ಆಗ್ತಿದ್ದಿಲ್ಲ" ಅಂತಿ. ನೀ ಈಗ ಧಾರವಾಡದಾಗ ಬಿ.ಕಾಂ. ಓದಾಕತ್ತಿ, ಖರೇ, ಆದ್ರ ನಾನೂ ಹಾನಗಲ್ಲಾಗ ಅದನ್ನ ಓದಿ, ಸವಣೂರಾಗ ಸರಕಾರಿ ಆಫೀಸಿನ ಲೆಕ್ಕದ ಶಾಖೆದಾಗ ಕುಂತು ತಲಿ ಬೆಳ್ಳಗ ಮಾಡ್ಕೊಂಡು ಬಂದಾಂವ. ಇಡೀ ಆಫೀಸಿನ ಖರ್ಚು ಒಂದು ಟೇಬಲ್ ಮ್ಯಾಲೆ ತೂಗಿಸಿದಾಂವ ನಾ. ಆದ್ರ ಆಫೀಸಿನ್ಯಾಗ ಒಂದು ಸುಖ ಇತ್ತು ನೋಡು, ಅಲ್ಲೆ ಬಿಲ್ ವಾಪಸ್ ಕಳಿಸಿದ್ರ ಯಾರೂ "ನಾ ನಿನ್ನ ಹೆತ್ತಾಕಿ" ಅಂತ ಅಳ್ತಿದ್ದಿಲ್ಲ, ಯಾರೂ ಮುಖಾ ಊದಿಸ್ಕೊಂಡು ಉಣಲಾರದ ಮಲಗ್ತಿದ್ದಿಲ್ಲ. ಮನಿ ಅಂದ್ರ ಬ್ಯಾರೆ. ನೀವು ಸೂಟಿಗೆ ಬಂದು ಪಡ್ಡು ತಿಂದು ಹೋಗೂವ್ರು, ನಿಮಗೇನು ಗೊತ್ತು. ಕುಂದ್ರು ಇಲ್ಲೆ, ಆ ಮೊಬೈಲ್ ಬಾಜೂಕ ಇಡು, ಹೇಳ್ತೇನಿ.

ರಿಟೈರ್ ಆಗಿ ನಾನೂ ನಿಮ್ಮ ಅಜ್ಜಿನೂ ಗಂಟು ಮೂಟಿ ಕಟ್ಕೊಂಡು ಈ ತಿಳವಳ್ಳಿ ಮನಿಗೆ ಬಂದ್ವಲ್ಲ, ಏನ್ ಖುಷಿ ಅಂತಿ ನನಗ. ಬಸ್ಸಿನಿಂದ ಇಳದ ಕೂಡ್ಲೆ ಗುರ್ತಿದ್ದವ್ರಿಗೆ, ಗುರ್ತಿಲ್ಲದವ್ರಿಗೆ ಎಲ್ಲಾರಿಗೂ "ಬಂದ್ಬಿಟ್ಟೇನ್ರಿ, ಕಾಯಂ ಬಂದ್ಬಿಟ್ಟೇನಿ" ಅಂತ ಕೈ ಮುಗೀತಿದ್ದೆ. ಮನಿ ತುಂಬ ಮಂದಿ. ನನ್ನ ಅವ್ವ, ಅಂದ್ರ ನಿನ್ನ ಮುತ್ತಜ್ಜಿ. ನನ್ನ ತಮ್ಮ ಶಿವಪ್ಪ, ಅವನ ಹೇಣ್ತಿ ನೀಲವ್ವ. ಅವ್ರ ಮಗಾ, ಸೊಸಿ, ಒಂದು ತೊಟ್ಟಿಲ ಕೂಸು. ನಾಕು ತಲಿಮಾರು ಒಂದ ಸೂರಿನ ಕೆಳಗ. ಮನಿ ಖರ್ಚು ಹೆಂಗ ನಡೀತಿತ್ತು ಅಂದ್ರ, ಅವ್ವನ ಎಲಿ-ಅಡಿಕಿ ಸಂಚಿ ಮ್ಯಾಲೆ ನಡೀತಿತ್ತು. ಶಿವಪ್ಪ ಗೋವಿನಜೋಳ ಮಾರಿದ್ರ ಒಂದೀಟು ಆ ಸಂಚಿಗೆ, ನೀಲವ್ವ ಡೇರಿಗೆ ಹಾಲು ಹಾಕಿದ್ರ ಒಂದೀಟು ಆ ಸಂಚಿಗೆ, ಸರಕಾರದವ್ರು ಮನಿ ಯಜಮಾನ್ತಿಗೆ ಅಂತ ಕೊಡೂ ಎರಡು ಸಾವಿರನೂ ಬ್ಯಾಂಕಿನಿಂದ ಬಂದು ಆ ಸಂಚಿಗೇನ. ಯಾರಿಗೆ ಏನ್ ಬೇಕಾದ್ರೂ ಅವ್ವನ ಮುಂದ ಹೋಗಿ ನಿಂದ್ರೂದು, ಆಕಿ ಸುಣ್ಣದ ಡಬ್ಬಿ ಸರಿಸಿ ತಗದು ಕೊಡೂದು. ಇದು ಯಾವ ಪದ್ಧತಿ ಅಂತ ನನಗ ಹೊಟ್ಟಿ ಉರೀತಿತ್ತು. ಹಂಗಾಗಿ ಒಂದಿನ ಅವ್ವ, "ಇನ್ನ ನೀ ನೋಡ್ಕೋಪಾ, ಕಲ್ತಾಂವ ಅದಿ, ನನಗ ಯಾವ ನೋಟು ಎಷ್ಟರದ್ದು ಅಂತ ಗೊತ್ತಾಗವಲ್ದು" ಅಂದಾಗ ನಾ ಎಷ್ಟು ಉಬ್ಬಿದೆ ಅಂದ್ರ, ಅಂಗಿ ಗುಂಡಿ ಹರೀಲಿಲ್ಲ ಅಷ್ಟ.

ಮೊದಲನೇ ಕೆಲಸ ಏನ್ ಮಾಡಿದೆ? ಇದನ್ನ ಕೇಳು. ಮನಿಗೆ ಬಂದೇವಂದ ಮ್ಯಾಲೆ ಮನಿ ಕಾರ್ಡಿನ್ಯಾಗ ಹೆಸರು ಇರಬೇಕಲ್ಲ. ಹೆಸರಿಲ್ಲದ ಮನ್ಯಾಗ ಉಂಡ್ರ ಬಂದು ಹೋಗೂ ಪಾಹುಣ್ಯಾ ಆದಂಗ ಆತು. ಹಾನಗಲ್ಲಿಗೆ ಹೋಗಿ, ಕಂಪ್ಯೂಟರ್ ಅಂಗಡ್ಯಾಗ ಕುಂತು, ನಂದೂ ನಿಮ್ಮ ಅಜ್ಜಿದೂ ಹೆಸರು ಅವ್ವನ ರೇಷನ್ ಕಾರ್ಡಿಗೆ ಸೇರ್ಸಾಕ ಅರ್ಜಿ ಕೊಟ್ಟು ಬಂದೆ. ಪ್ರೀತಿಲೇ ಮಾಡಿದ್ದವಾ, ಅದರಾಗ ತಪ್ಪೇನೈತಿ? ಈಗೂ ಕೇಳ್ತೇನಿ, ತಪ್ಪೇನೈತಿ? ಸೇರ್ತು ಹೆಸರು. ಸೇರಿದ್ದ ತಡ, ಮುಂದಿನ ತಿಂಗಳು ಶಿವಪ್ಪ ಸೊಸೈಟಿಗೆ ಅಕ್ಕಿ ತರಾಕ ಹೋದಾಂವ ಖಾಲಿ ಚೀಲ ಹೆಗಲಿಗೆ ಹಾಕ್ಕೊಂಡು ಬಂದ.

"ಯಾಕೋ, ಅಕ್ಕಿ ಬಂದಿಲ್ಲೇನು?"

"ಅಕ್ಕಿ ಬಂದೈತಿ ಅಣ್ಣಾ. ನಮ್ಮ ಕಾರ್ಡ್ ಹೋಗೈತಿ. ಮನ್ಯಾಗ ಪೆನ್ಶನ್ದಾರ ಅದಾರಂತ, ನಾವೀಗ ಬಡವ್ರಲ್ಲಂತ."

"ಮತ್ತ ಸಂತೋಷ ಪಡಬೇಕಪಾ" ಅಂದೆ ನಾ, ಚಾಷ್ಟಿ ಮಾಡಾಕ. ಶಿವಪ್ಪ ನಗಲಿಲ್ಲ. ಒಳಗಿಂದ ನೀಲವ್ವ ಅಂದ್ಲು, "ಮಾವಾರು ಬಂದ್ರು, ಭಾಗ್ಯಾ ಬಂತು" ಅಂತ. ಎರಡೆಕರೆ ಗದ್ದಿ ಐತಿ, ನಮ್ಮ ಅಕ್ಕಿ ನಮ್ಮ ಮನ್ಯಾಗ ಚೀಲ ತುಂಬಿ ಐತಿ, ಆದ್ರ ಪಡ್ಡಿಗೆ, ದ್ವಾಸಿಗೆ ಆ ಸೊಸೈಟಿ ಅಕ್ಕಿನ ಆಗಬೇಕು ಇವ್ರಿಗೆ. ಅದು ಉಬ್ಬಿದಂಗ ಗದ್ದಿ ಅಕ್ಕಿ ಉಬ್ಬಂಗಿಲ್ಲಂತ. ಪಡ್ಡು ಬಂದ್ ಆತು. ಅದಕ್ಕಿಂತ ದೊಡ್ಡದು, ಕಾರ್ಡಿನ ಬೆನ್ನಿಗೆ ಅವ್ವನ ಎರಡು ಸಾವಿರನೂ ಬಂದ್ ಆತು. ದಿನಾ ಮುಂಜಾನೆ ಆಕಿ ಪೂಜಿ ಮುಗಿಸಿ, ವಿಭೂತಿ ಹಚ್ಕೊಂಡು ಹೊರಗ ಬಂದು ಕೇಳೂದು, "ನನ್ನ ರೊಕ್ಕ ಬಂತೇನು?" "ಇಲ್ಲವ್ವಾ." "ಯಾಕ?" "ನಾ ಬಂದೇನಲ್ಲ, ಅದಕ್ಕ." "ನೀ ಬಂದ್ರ ನನ್ನ ರೊಕ್ಕ ಯಾಕ ಹೋಗಬೇಕು?" ಇದಕ್ಕ ಯಾವ ರೂಲ್ ಬುಕ್ಕಿನ್ಯಾಗ ಉತ್ತರ ಐತಿ ಹೇಳು. "ನಾ ಕೊಡ್ತೇನಿ, ಎಷ್ಟ ಬೇಕು ಹೇಳು" ಅಂದ್ರ, "ಬೇಡಿ ತಗೋಳೂದು ಬ್ಯಾರೆ, ಬರೂದು ಬ್ಯಾರೆ" ಅಂತಿದ್ಲು. ಆ ಸಂಚ್ಯಾಗಿಂದ ಕೂಸಿಗೆ ಬಿಸ್ಕೀಟು, ಸೊಸಿಗೆ ಬಳಿ, ಬಂದ ಅಯ್ಯನವ್ರಿಗೆ ದಕ್ಷಿಣಿ, ನೀಲವ್ವನ ಮೊಬೈಲ್ ರೀಚಾರ್ಜು, ಇಷ್ಟೂ ನಡೀತಿತ್ತು ಅಂತ ಅದು ಬಂದ್ ಆದ ಮ್ಯಾಲೇನ ಗೊತ್ತಾತು ನನಗ, ಯಾಕಂದ್ರ ಇಷ್ಟೂ ನನ್ನ ಕಡೆ ಬಂದು ನಿಂತ್ವು. ನಾ ಕೇಳ್ತಿದ್ದೆ, "ಇದು ಯಾತಕ್ಕ? ಹೋದ ವಾರ ಕೊಟ್ಟೇನಲ್ಲ?" ಕೇಳಿದ್ದಕ್ಕ ಸೊಸಿ ಬಳಿ ಇಟ್ಕೊಳ್ಳೂದ ಬಿಟ್ಲು.

ಆಗ ಶಿವಪ್ಪ ಒಂದು ದಾರಿ ಹುಡುಕಿದ. ಊರ ಒಳಗ ಅಡ್ಡ್ಯಾಡಿ ಯಾರನ್ನೋ ಕೇಳ್ಕೊಂಡು ಬಂದಿದ್ದ. "ಅಣ್ಣಾ, ಕಾಗದದ ಮ್ಯಾಲೆ ಬ್ಯಾರೆ ಆಗೂಣು. ನಿಂದೊಂದು ಮನಿ, ನಂದೊಂದು ಮನಿ. ನಂಗ ಕಾರ್ಡ್ ಬರ್ತೈತಿ, ದವಾಖಾನಿಗೂ ಆಗ್ತೈತಿ. ಕಂದಾಯದ ತಲಾಟಿ ಬಂದು ನೋಡ್ಕೊಂಡು ಹೋಗ್ತಾರ. ಒಲಿ ಎರಡು ಇರಬೇಕು, ಅಷ್ಟ." ನಾ ಅಂದೆ, "ಸುಳ್ಳು ಆಗ್ತೈತಲೋ." ಅಂವ ಅಂದ, "ಯಾವ ಸುಳ್ಳು? ನೀ ಇಲ್ಲೆ ಇರಲಿಲ್ಲ ಅಂದಾಗ ನಾ ಬಡವನ ಇದ್ದೆ. ನೀ ಬಂದು ನನ್ನ ಗದ್ದಿ ಏನ್ ಹಿಗ್ಗಿಲ್ಲ." ಅದೂ ಖರೇನ. ಅವ್ವನ್ನ ಕೇಳಿದ್ವಿ. ಆಕಿ ಎಲಿಗೆ ಸುಣ್ಣ ಹಚ್ಚಿಕೋಂತ, "ಸುಳ್ಳಸುಳ್ಳ ಅತ್ರ ಖರೇ ಅಳೂದು ಬರ್ತೈತಿ ಅಂತಾರ್ಪಾ" ಅಂದ್ಲು. ಮುದುಕ್ರು ಏನರ ಅಂತಿರ್ತಾರ ಅಂತ ಬಿಟ್ವಿ.

ಹಂಗಾಗಿ ಪಡಸಾಲಿ ಮೂಲ್ಯಾಗ ಎರಡನೇ ಒಲಿ ಹೂಡಿದ್ವಿ. ಒಲಿ ಅಂದ್ರ ಗ್ಯಾಸಿಂದು, ಹಾನಗಲ್ಲ ಅಂಗಡ್ಯಾಗ ತಂದದ್ದು, ಫಳಾಫಳಾ ಅಂತಿತ್ತು. ನೀಲವ್ವ ನೋಡಿ ಅಂದ್ಲು, "ಇದನ್ನ ನೋಡಿ ಯಾರ ನಂಬ್ತಾರ್ರಿ? ದಿಬ್ಬಣಕ್ಕ ಬಂದ ಹೆಣ್ಣಿನಂಗ ಐತಿ." ಅಂದ್ರ ಬಳಸಿದಂಗ ಕಾಣಬೇಕು. ಬಳಸಿದಂಗ ಕಾಣಾಕ ಬಳಸಬೇಕು. ದಿನಾ ಅದರ ಮ್ಯಾಲೆ ಒಂದು ಚಹಾ ಕಾಸೂದು ಅಂತ ಠರಾವು ಆತು. ತಲಾಟಿ ಇವತ್ತು ಬರ್ತಾರ, ನಾಳೆ ಬರ್ತಾರ ಅಂತ ನಾವು ಕಾಯೂದು, ಅವ್ರಿಗೆ ನಮ್ಮದೊಂದ ಮನಿ ಏನು, ಬೆಳಿ ಹಾನಿ ನೋಡಬೇಕು, ಹತ್ತು ಹಳ್ಳಿ ತಿರುಗಬೇಕು. ಬರಲಿಲ್ಲ. ಚಹಾ ಕಾಸೂದು ನಿಲ್ಲಲಿಲ್ಲ.

ಈಗ ನೋಡು ಹೆಂಗ ಆಗ್ತೈತಿ. ಅಲ್ಲೆ ಚಹಾ ಕಾಸಾಕ ಅಲ್ಲೆ ಸಕ್ಕರಿ ಡಬ್ಬಿ ಬೇಕು, ಪ್ರತೀ ಸಲ ಒಳಗ ಯಾರ ಹೋಗ್ತಾರ? ನೀಲವ್ವ ಒಂದು ಡಬ್ಬಿ ಅಲ್ಲೇ ಇಟ್ಲು. ನೀಲವ್ವಗ ಶುಂಠಿ ಹಾಕಿದ ಚಹಾ ಸೇರ್ತೈತಿ, ನಿಮ್ಮ ಅಜ್ಜಿಗೆ ಶುಂಠಿ ವಾಸನಿ ಆಗಂಗಿಲ್ಲ. ನಾವು ಬಂದಾಗಿಂದ ನೀಲವ್ವ ಶುಂಠಿ ಇಲ್ಲದ್ದನ್ನ ಕುಡದಿದ್ಲು ಅಂತ ನಮಗ ಗೊತ್ತ ಇರಲಿಲ್ಲ. ಆಕಿಗೂ ರುಚಿ ಹತ್ತಿತು ನೋಡು, ಶುಂಠಿದಲ್ಲ, ತನ್ನ ಒಲಿದು. ಚಹಾದ ಬೆನ್ನಿಗೆ ಕೂಸಿನ ಗಂಜಿ, ಗಂಜಿ ಬೆನ್ನಿಗೆ ಶಿವಪ್ಪನ ಉಪ್ಪಿಟ್ಟು. ಸಿಲಿಂಡರ್ ಎರಡಾದ್ವು. ಎಣ್ಣಿ ಡಬ್ಬಿ ಎರಡಾದ್ವು. ಲೈಟ್ ಬಿಲ್ ಬಂತು, ಮೀಟರ್ ಒಂದ. ಕೊಟಗಿ ಮೋಟಾರ್ ಯಾವ ಒಲಿ ಲೆಕ್ಕಕ್ಕ? ಎಮ್ಮಿ ಹಿಂಡಿ ಯಾವ ಒಲಿದು? ಎಮ್ಮಿಗೆ ಕೇಳಬೇಕೇನು? ನಾ ಲೆಕ್ಕದ ಶಾಖೆದಾಂವ, ನನಗ ತಲಿ ಕೆಟ್ಟು ಮೊಸರಾತು. ಕಾರ್ಡಿಂದ ಉಳಿಯೂದಕ್ಕಿಂತ ಒಲಿಗೆ ಹೋಗೂದು ಜಾಸ್ತಿ ಆತು ಅಂತ ನಾ ಶಿವಪ್ಪಗ ಹೇಳಿದ್ರ, "ಅಣ್ಣಾ, ನಿಂಗ ಎಲ್ಲಾ ರೊಕ್ಕದಾಗ ಕಾಣ್ತೈತಿ" ಅಂದ. ಅಲ್ಲ, ಈ ಕಾರಭಾರ ರೊಕ್ಕಕ್ಕ ಶುರು ಮಾಡಿದಾಂವ ಯಾರು?

ಬ್ಯಾಸಗ್ಯಾಗ ವರ್ಷದ ಮಸಾಲಿ ಖಾರ ಕುಟ್ಟಿಸ್ತಾರಲ್ಲ, ಬ್ಯಾಡಗಿ ಮೆಣಸಿನಕಾಯಿ ತಂದು, ಎಲ್ಲಾ ಹುರದು, ಕೊಬ್ರಿ ಬಳ್ಳೊಳ್ಳಿ ಹಾಕಿ, ಹೆಣ್ಮಕ್ಕಳೆಲ್ಲಾ ಸೀನ್ಕೋಂತ ನಕ್ಕೋಂತ ಮಾಡೂ ಕೆಲಸ. ಆ ಸಲನೂ ಕೂಡೇ ಮಾಡಿದ್ರು. ಮುಗದ ಮ್ಯಾಲೆ ನೀಲವ್ವ ಒಂದು ಡಬ್ಬಿ ತಂದು ನಿಂತ್ಲು. "ಅಕ್ಕಾ, ಇದರಾಗ ಒಂದೀಟು ಹಾಕ್ರಿ, ಹೊರಗ ಬೇಕಾಗ್ತೈತಿ." ನಿಮ್ಮ ಅಜ್ಜಿ ಕೈ ಹಂಗ ನಿಂತಿತು. ಹಾಕಿದ್ಲು, ಒಂದೀಟಲ್ಲ, ಸರೀ ಅರ್ಧ ಹಾಕಿದ್ಲು, ತೂಗಿ ನೋಡಿದಂಗ. ಆಮ್ಯಾಲೆ ಒಳಗ ಬಂದು ನನಗ ಅಂದ್ಲು, "ಏನ್ರಿ, ಖಾರ ಹಂಚಿದ ಮ್ಯಾಲೆ ಮನ್ಯಾಗ ಹಂಚೂದು ಏನ್ ಉಳೀತ್ರಿ?" ಕಣ್ಣಾಗ ನೀರು. ಖಾರದ ಘಾಟಿಗೆ ಅಂತ ನಾ ತಿಳ್ಕೊಂಡೆ.

ಅದಾಗಿ ಸ್ವಲ್ಪ ದಿನಕ್ಕ ಮಾಸೂರಿನ ಮಾವ ಬಂದ. ನಮ್ಮಕ್ಕನ ಗಂಡ, ಅಂದ್ರ ಈ ಮನಿ ಅಳಿಯ. ಅಳಿಯ ಅಂದ್ರ ಮದವಿ ಆಗಿ ಹಲ್ಲು ಉದುರಿದ್ರೂ ಅಳಿಯಾನ. ಮದಗದ ಕೆರಿ ನೀರಿನ ಹೊಲದ ಎಳೀ ಸವತಿಕಾಯಿ ಒಂದು ಚೀಲ ಹೊತ್ಕೊಂಡು ಬಂದಿದ್ದ. ಪಡಸಾಲ್ಯಾಗ ಕುಂತ, ನಾನೂ ಶಿವಪ್ಪನೂ ಕುಂತ್ವಿ, ಮಳಿ ಮಾತು, ಗೊಬ್ಬರದ ಮಾತು, ಅವ್ರ ಮೊಮ್ಮಗನ ಮಾತು. ಒಳಗ ನಿಮ್ಮ ಅಜ್ಜಿ, ಈಗ ಚಹಾ ಎಲ್ಲಾ ಹೊರಗಿನ ಒಲಿ ಮ್ಯಾಲೇ ಆಗ್ತೈತಲ್ಲ, ನೀಲವ್ವ ಇಡ್ತಾಳ ಅಂತ ಸುಮ್ಮನ. ನೀಲವ್ವ ಹಿತ್ತಲದಾಗ, ದೊಡ್ಡವ್ರ ಮನಿ ಅಳಿಯಾ, ಅಕ್ಕಾರು ಒಳಗ ಇಡ್ತಾರ, ನಾ ಮುಂದ ಬಿದ್ರ ಏನಂತಾರೋ ಅಂತ ಸುಮ್ಮನ. ಎರಡು ಒಲಿ ನಡುವ ಮನಷ್ಯಾ ಒಣಗಿದ. ಕಡೀಗೆ, "ಬರ್ತೇನಪಾ, ಬಸ್ಸಿನ ಹೊತ್ತಾತು" ಅಂತ ಎದ್ದ. ಅಷ್ಟರಾಗ ಅವ್ವ ದೇವರ ಮನ್ಯಾಗಿಂದ ಬಂದ್ಲು. "ಅಯ್ಯ, ಹೊಂಟ್ರೇನ್ರಿ ಅಳಿಯಂದ್ರ? ಚಹಾ ಆತಿಲ್ಲೋ?"

ಮಾವ ನಮ್ಮಿಬ್ಬರ ಮುಖಾ ನೋಡಿದ. "ಆತ್ರಿ ಅತ್ತಿ, ಭೇಷ್ ಆತು" ಅಂದ.

ಅವ್ವ ಕಪ್ಪು ಬಸಿ ಎಲ್ಲಾರ ಅದಾವೇನು ಅಂತ ನೆಲಾ ನೋಡಿದ್ಲು. ಎಲ್ಲೂ ಇರಲಿಲ್ಲ. ಬಾಗಲ ತನಕಾ ಕಳಿಸಿ ಬಂದು, ಗ್ವಾಡಿಗೆ ಆತು ಕುಂತ್ಲು. ಆಕಿ ಬೈದಿದ್ರ ಚೊಲೋ ಇತ್ತು. ಆಕಿ ಬೈಲಿಲ್ಲ ಅಂತ ನಾವು ಒಬ್ಬರಿಗೊಬ್ರು ಬೈದಾಡಿದ್ವಿ. "ನಿನ್ನ ಹೇಣ್ತಿ", "ನಿನ್ನ ಹೇಣ್ತಿ" ಅಂತ ಶುರುವಾದದ್ದು, "ನಿನ್ನ ಪೆನ್ಶನ್ನು", "ನಿನ್ನ ಕಾರ್ಡು" ಅಂತ ಬೆಳದು, ಶಿವಪ್ಪ ಅಂದ, "ಬಿಡಣ್ಣಾ, ಖರೇನ ಬ್ಯಾರೆ ಆಗೂಣು. ನಡುವ ಒಂದು ಗ್ವಾಡಿ ಹಾಕ್ಸಿದ್ರ ಮುಗೀತು." ನಾನೂ ಸಿಟ್ಟಿನ್ಯಾಗ, "ಹಾಕ್ಸು" ಅಂದೆ. ಅಂವ ಹಟಮಾರಿ, ಎರಡು ದಿನದಾಗ ಟ್ರ್ಯಾಕ್ಟರ್ ಬಂದು ಅಂಗಳದಾಗ ಇಟ್ಟಂಗಿ ಸುರುವಿ ಹೋತು. ರಾಜಿ ಆಗಬೇಕು ಅಂದ್ರ ಹೆಂಗ ಆಗೂದು ಹೇಳು? ಖರೇ ಜಗಳಾ ಮಾಡಿ ಬ್ಯಾರೆ ಆದವ್ರನ್ನ ಒಂದಿನ ಹಬ್ಬಕ್ಕ ಕರದು ಕೂಡಿಸಬಹುದು. ನಾವು ಮೂಲದಾಗ ಜಗಳಾನ ಮಾಡಿದ್ದಿಲ್ಲ, ಯಾವುದನ್ನ ಬಿಟ್ಟು ಕೊಡೂದು?

ಆ ಇಟ್ಟಂಗಿ ಇನ್ನೂ ಅಂಗಳದಾಗ ಹಂಗ ಇರಬೇಕಾದ್ರ ತಲಾಟಿ ಬಂದ್ಲು. ಹೆಣ್ಮಗಳು, ಸಣ್ಣ ವಯಸ್ಸು, ಗೊಟಗೋಡಿ ಕಡ್ಯಾಕಿ, ಮಾತು ಭಾಳ ಮೆತ್ತಗ. ಒಳಗಿನ ಒಲಿ ನೋಡಿದ್ಲು. ಹೊರಗಿನ ಒಲಿ ನೋಡಿದ್ಲು, ಅದರ ಮ್ಯಾಲೆ ಉಕ್ಕಿದ ಹಾಲಿನ ಕಲಿ ನೋಡಿದ್ಲು, ಖಾರದ ಡಬ್ಬಿ ನೋಡಿದ್ಲು. ಸುಳ್ಳು ಅಂತ ಹೇಳಾಕ ಏನೂ ಉಳದಿರಲಿಲ್ಲ. "ಆತ್ರಿ, ಎರಡು ಮನಿ" ಅಂತ ಪೆನ್ನು ತಗದು, ಆಮ್ಯಾಲೆ ಒಂದು ಮಾತು ಕೇಳಿದ್ಲು ನೋಡು, ಅದನ್ನ ನಾವ್ಯಾರೂ ವಿಚಾರ ಮಾಡಿದ್ದಿಲ್ಲ.

"ಅಜ್ಜಿ ಯಾರ ಕಡೆ ಇರ್ತಾರ್ರಿ?"

ನಾ ಏನ್ ಮಾಡಿದೆ, ಅವ್ವ ತಮ್ಮನ ಕಾರ್ಡಿನ್ಯಾಗ ಇದ್ರ ಆಕಿ ಎರಡು ಸಾವಿರ ಆಕಿಗೆ ಬರ್ತೈತಿ ಅಂತ, ಒಳ್ಳೇ ಮನಸಿಲೇ, "ತಮ್ಮನ ಕಡೆ ಬರಕೋರಿ" ಅಂದೆ. ಅದ ಹೊತ್ತಿಗೆ ಶಿವಪ್ಪ, ಎರಡು ಸಾವಿರದ ಆಸೆಗೆ ಅವ್ವನ್ನ ಇಟ್ಕೊಂಡ ಅಂತ ಮಂದಿ ಅನಬಾರದು ಅಂತ, "ಅಣ್ಣನ ಕಡೆ ಬರಕೋರಿ" ಅಂದ. ಎರಡೂ ಮಾತು ಕೂಡೇ ಬಿದ್ವು. ಬಿದ್ದ ಮ್ಯಾಲೆ ಹೆಂಗ ಕೇಳಿಸ್ತು ಅಂದ್ರ, ಇಬ್ಬರಿಗೂ ಅವ್ವ ಬ್ಯಾಡ ಅಂದಂಗ ಕೇಳಿಸ್ತು. ತಲಾಟಿ ಪೆನ್ನು ಹಿಡಕೊಂಡು ನೆಲಾ ನೋಡಾಕತ್ಲು. ಹಂಗಲ್ಲವ್ವಾ ಅಂತ ಹೇಳಾಕ ನಾ ಎದ್ದೆ.

ಅವ್ವ ಸಾವಕಾಶ ಎದ್ದು ಬಂದು ತಲಾಟಿ ಮುಂದ ಕುಂತ್ಲು. "ತಂಗೀ, ಆ ಪೆನ್ನು ಹಂಗ ಹಿಡಿ. ಇವ್ರು ನನ್ನ ಆ ಕಡೆ ಈ ಕಡೆ ದಬ್ಬಾಕತ್ತಾರ, ದಬ್ಬಲಿ. ನಾ ಎಲ್ಲೂ ಹೋಗಂಗಿಲ್ಲ. ಇದು ನನ್ನ ಮನಿ. ಆ ಮೂಲ್ಯಾಗಿನ ಒಲಿ ನಿನಗ ತೋರ್ಸಾಕ ಹೂಡಿದ್ದು."

"ಅವ್ವಾ" ಅಂದ ಶಿವಪ್ಪ.

"ಸುಮ್ಕಿರು. ತಂಗೀ, ಶಿವಪ್ಪ, ಅವನ ಹೇಣ್ತಿ ಮಕ್ಳು, ನಾನು, ಇದು ಮನಿ. ಈ ದೊಡ್ಡಾಂವ ಅದಾನಲ್ಲ, ಇವಂದ ಪೆನ್ಶನ್ನಿಂದ ಅಲ್ಲೇನು ಇಷ್ಟೆಲ್ಲಾ? ಇವನ್ನ ಮನಿ ಒಳಗ ಹಿಡಿಯಬ್ಯಾಡ. ಇಂವ ಇಲ್ಲೆ ಖಾನಾವಳಿ ಹಚ್ಯಾನ."

ತಲಾಟಿ ನಗು ತಡಕೊಂಡ್ಲು. "ಸ್ವಂತ ಮಗಾ ಖಾನಾವಳಿ ಹಚ್ಯಾನ್ರಿ ಅಜ್ಜಿ?"

"ಹೂಂ. ನಾ ನಡಸ್ತೇನಿ ಖಾನಾವಳಿ. ಗಂಡಾ ಹೇಣ್ತಿ ಇಬ್ರೂ ಉಣ್ತಾರ, ತಿಂಗಳಾ ರೊಕ್ಕ ಕೊಡ್ತಾರ."

"ಇಲ್ಲೀ ತನಕಾ ಕೊಟ್ಟಾರೇನು?"

"ಇವತ್ತಿಂದ ಕೊಡ್ತಾರ."

"ಖಾನಾವಳಿಗೆ ಇದರಾಗ ಜಾಗಾ ಇಲ್ರಿ ಅಜ್ಜಿ. ನೀವು ಒಂದ ಒಲಿ ಅಂದ ಮ್ಯಾಲೆ ಒಂದ ಅಂತ ಬರೀಬೇಕಾಗ್ತೈತಿ. ಕಾರ್ಡ್ ಬರಂಗಿಲ್ಲ."

"ಬರೀವಾ. ನೀ ಯಾಕ ಸುಳ್ಳು ಬರದು ನೌಕರಿ ಕಳಕೋತಿ. ಚಹಾ ಕುಡದು ಹೋಗು." ಅಂದು ಒಳಗ ಹೊಳ್ಳಿ, "ಏ, ಇಬ್ರೂ ಬರ್ರಿ, ಇಡ್ರಿ ಚಹಾ" ಅಂತ ಕೂಗಿದ್ಲು. ಇಬ್ರೂ ಸೊಸಿಯರು ಒಮ್ಮೆಲೆ ಎದ್ರು. ಒಂದ ಬೋಗಾಣಿಗೆ ಒಬ್ಬಾಕಿ ಸಕ್ಕರಿ, ಒಬ್ಬಾಕಿ ಶುಂಠಿ. ನಿಮ್ಮ ಅಜ್ಜಿ ಆ ವಾಸನಿಗೆ ಮೂಗು ಮುಚ್ಕೊಂಡು ಕುಡದ್ಲು, ಆದ್ರ ಕುಡದ್ಲು.

ಕಾರ್ಡ್ ಹೋತು, ಹೋಗೇ ಹೋತು. ಇಟ್ಟಂಗಿ ಎಮ್ಮಿ ಕೊಟಗಿಗೆ ಹಾಕ್ಸಿದ್ವಿ. ಶಿವಪ್ಪ ಸ್ವಲ್ಪ ದಿನಾ ಮುಖಾ ಕೊಡಲಿಲ್ಲ, ಆಮ್ಯಾಲೆ ತಾನ ಬಂದು, "ಅಣ್ಣಾ, ಅವತ್ತ ನಾ ಅಂದದ್ದು ಹಂಗಲ್ಲ" ಅಂದ, "ನಂದೂ ಹಂಗಲ್ಲೋ" ಅಂದೆ, ಅಷ್ಟಕ್ಕ ಮುಗೀತು. ಆದ್ರ ಖಾನಾವಳಿ ಮುಗೀಲಿಲ್ಲ ನೋಡು. ಅವ್ವ ಏನೋ ತಲಾಟಿ ಮುಂದ ಅಂದದ್ದು ಅಷ್ಟ ಅಂತ ನಾ ತಿಳ್ಕೊಂಡಿದ್ದೆ. ಪೆನ್ಶನ್ ಬಂದ ದಿನಾ ಅವ್ವ ನನ್ನ ಮುಂದ ಬಂದು ಕೈ ಚಾಚಿ ನಿಂತ್ಲು. "ಎಷ್ಟವ್ವಾ?" ಅಂದ್ರ, ರೇಟ್ ಹೇಳಿದ್ಲು, ಸವಣೂರಾಗ ಯಾವ ಖಾನಾವಳ್ಯಾಗೂ ಅಷ್ಟಿಲ್ಲ. ಶಿವಪ್ಪಗೂ ಬಿಡಲಿಲ್ಲ, ಗೋವಿನಜೋಳ ಮಾರಿದ ದಿನಾ ಅವಂದೂ ವಸೂಲಿ. ಯಾತಕ್ಕ ಖರ್ಚು ಮಾಡಿದಿ ಅಂತ ಕೇಳಿದ್ರ, "ಖಾನಾವಳಿಯಾಕಿನ್ನ ಉಂಡಾವ್ರು ಲೆಕ್ಕ ಕೇಳ್ತಾರೇನು?" ಅಂತಾಳ. ಸೊಸಿ ಕೈಯಾಗ ಬಳಿ ಬಂದಾವ, ಎಲ್ಲಿಂದ ಬಂದ್ವು ಅಂತ ನಾ ಕೇಳಾಕ ಹೋಗಂಗಿಲ್ಲ. ಮೊನ್ನೆ ನಾ ಎರಡನೇ ಸಲ ಬದನಿಕಾಯಿ ಪಲ್ಯ ಕೇಳಿದೆ, ನಿನ್ನ ಮುತ್ತಜ್ಜಿ ಕುಂತಲ್ಲಿಂದ, "ಸಾದಾ ಊಟಕ್ಕ ಪಲ್ಯ ಒಮ್ಮೆ" ಅಂದ್ಲು. ಎಲ್ಲಾರೂ ನಕ್ರು, ನೀಲವ್ವ ನೀಡಿದ್ಲು. ಇಡೀ ಆಫೀಸಿನ ಖರ್ಚು ನಡಸಿದಾಂವ ನಾ, ಸ್ವಂತ ಮನ್ಯಾಗ ಪಲ್ಯಕ್ಕ ಮಾತು ಕೇಳ್ಕೋತ ಕುಂತೇನಿ.

ಅದಕ್ಕ ಹೇಳೂದವಾ, ನಿನ್ನ ಬಜೆಟ್ ನಿನ್ನ ಪರೀಕ್ಷಾಕ್ಕ ಇರ್ಲಿ. ಕೂಡಿದ ಮನ್ಯಾಗ ರೊಕ್ಕ ಕೊಡೂ ಕೈ ಎಷ್ಟರ ಇರ್ಲಿ, ಇಸಗೊಳ್ಳೂ ಕೈ ಒಂದ ಇರಬೇಕು, ಮತ್ತ ಅದಕ್ಕ ಯಾರೂ ಲೆಕ್ಕ ಕೇಳಬಾರದು. ಏಳು, ಕೈ ತೊಳಕೊ, ತಡಾ ಆದ್ರ ಖಾನಾವಳಿಯಾಕಿ ಬೈತಾಳ.